ರಸ್ಕ್ ಮಾಡುವವರಿಗೆ ‘ಬಿಸ್ಕೆಟ್’ ಪದ ಹೇಳುವ ಪಾಠ

ಲ್ಯಾಟಿನ್ನಿನಲ್ಲಿ ‘ಬಿಸ್’ ಅಂದರೆ ಎರಡು ಸಲ, ‘ಕೋಕ್ಟಸ್’ ಅಂದರೆ ಬೆಂದದ್ದು. ‘ಬಿಸ್ಕೆಟ್’ ಹುಟ್ಟಿದ್ದು ಅಲ್ಲಿಂದ. ಹಳೆಯ ಫ್ರೆಂಚ್ ದಾಟಿ 14ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂತು. ಸ್ಯಾಮ್ಯುಯೆಲ್ ಜಾನ್ಸನ್ನರ 1755ರ ನಿಘಂಟಿನಲ್ಲಿ ಅದು ಕಡಲಯಾನಕ್ಕೆ ಒಯ್ಯಲು ಮಾಡುವ ಗಟ್ಟಿಯಾದ ಒಣ ಬ್ರೆಡ್ಡು. ಈಗಿನ ಬಿಸ್ಕೆಟ್ ಸಾಮಾನ್ಯವಾಗಿ ಒಂದೇ ಸಲ ಬೇಯುತ್ತದೆ. ಆ ಹೆಸರಿಗೆ ಸರಿಯಾಗಿ ಎರಡು ಸಲ ಓವನ್ ಕಾಣುವುದು ನಮ್ಮ ಬೇಕರಿಗಳ ರಸ್ಕ್. (‘ರಸ್ಕ್’ ಬಂದದ್ದು ಸ್ಪ್ಯಾನಿಷ್, ಪೋರ್ಚುಗೀಸಿನ ‘ರೋಸ್ಕಾ’ದಿಂದ, ಅಂದರೆ ಸುರುಳಿ ಸುತ್ತಿದ ಬ್ರೆಡ್ಡು.)

ಈ ಎರಡು ಬೇಯಿಸುವಿಕೆಗಳ ಕೆಲಸವೇ ಬೇರೆ ಬೇರೆ. ಮೊದಲನೆಯದು ಬೇಯಿಸಲು, ಎರಡನೆಯದು ಒಣಗಿಸಲು ಮಾತ್ರ. ಕೆಟ್ಟ ರಸ್ಕುಗಳೆಲ್ಲ ಹೆಚ್ಚಾಗಿ ಎರಡನೇ ಸಲ ಕೆಡುತ್ತವೆ.

ನನ್ನ ಅಳತೆ: ಮೈದಾ 500 ಗ್ರಾಂ, ನೀರು 280 ಮಿಲಿ, ಸಕ್ಕರೆ 60 ಗ್ರಾಂ, ಬೆಣ್ಣೆ 40 ಗ್ರಾಂ, ಉಪ್ಪು 8 ಗ್ರಾಂ, ಇನ್‌ಸ್ಟಂಟ್ ಈಸ್ಟ್ 6 ಗ್ರಾಂ, ಒಂದು ಚಮಚ ಸೋಂಪು. ಹತ್ತು ಹನ್ನೆರಡು ನಿಮಿಷ ಚೆನ್ನಾಗಿ ನಾದಿ, ಎರಡರಷ್ಟು ಉಬ್ಬಿದ ಮೇಲೆ ಎರಡು ಚಿಕ್ಕ ಟಿನ್ನುಗಳಿಗೆ ಹಾಕುತ್ತೇನೆ. ಹಿಟ್ಟು ಮತ್ತೆ ಟಿನ್ನಿನ ಅಂಚಿಗೆ ಬಂದಾಗ 180 ಡಿಗ್ರಿಯಲ್ಲಿ ಸುಮಾರು 35 ನಿಮಿಷ. ಸರಿಯಾಗಿ ಉಬ್ಬದ ಬ್ರೆಡ್ಡಿನ ರಸ್ಕ್ ಕಲ್ಲಾಗುತ್ತದೆ. ಅತಿಯಾಗಿ ಉಬ್ಬಿದ್ದು ಚಹಾದಲ್ಲಿ ಅದ್ದಿದ ಕೂಡಲೇ ಮುರಿದು ಬೀಳುತ್ತದೆ.

ಬ್ರೆಡ್ಡನ್ನು ಅವತ್ತೇ ಕೊಯ್ಯಬೇಡಿ. ಬಿಸಿಯಿದ್ದಾಗ ಒಳಭಾಗ ಚಾಕುವಿಗೆ ಅಂಟಿ ಮುದ್ದೆಯಾಗುತ್ತದೆ. ರಾತ್ರಿಯಿಡೀ ಇಟ್ಟರೆ ಪಿಷ್ಟ ಗಟ್ಟಿಯಾಗಿ ಹೋಳು ನೀಟಾಗಿ ಬರುತ್ತದೆ. ದಪ್ಪ 12ರಿಂದ 14 ಮಿ.ಮೀ., ಎಲ್ಲವೂ ಒಂದೇ ಸಮ. ದಪ್ಪ ಹೆಚ್ಚುಕಮ್ಮಿಯಾದರೆ ತೆಳ್ಳಗಿನದು ಸುಡುವ ಹೊತ್ತಿಗೂ ದಪ್ಪದ್ದು ಹಸಿಯಾಗೇ ಇರುತ್ತದೆ.

ಹೋಳುಗಳನ್ನು ಒಂದಕ್ಕೊಂದು ತಾಗದಂತೆ ಹರಡಿ 120 ಡಿಗ್ರಿಯಲ್ಲಿ 40 ನಿಮಿಷ, ತಿರುವಿ ಹಾಕಿ ಮತ್ತೆ 25ರಿಂದ 30 ನಿಮಿಷ. ಆಮೇಲೆ ಓವನ್ ಆರಿಸಿ, ಬಾಗಿಲು ಒಂದು ಬೆರಳಷ್ಟು ತೆರೆದು ಒಳಗೇ ಆರಲು ಬಿಡುತ್ತೇನೆ. ಬೇಗ ಮುಗಿಯಲೆಂದು 180ಕ್ಕೆ ಏರಿಸಿದರೆ ಹೊರಗೆ ಕೆಂಪಗೆ, ಗರಿಗರಿಯಾಗಿ ಕಾಣುತ್ತದೆ, ಆದರೆ ನಡುವೆ ತೇವ ಉಳಿಯುತ್ತದೆ. ಮಾರನೇ ದಿನ ಆ ತೇವ ಹೊರಗೆಲ್ಲ ಹರಡಿ ರಸ್ಕ್ ಚರ್ಮದಂತೆ ಜಗ್ಗುತ್ತದೆ.

ಬಣ್ಣ ನೋಡಿ ತೀರ್ಮಾನಿಸುವುದಕ್ಕಿಂತ ತಕ್ಕಡಿಯನ್ನು ನಂಬಿ. ಈ ಅಳತೆಯಲ್ಲಿ 100 ಗ್ರಾಂ ಹೋಳು ಒಣಗಿ 70–72 ಗ್ರಾಂಗೆ ಇಳಿದಾಗ ಸಾಕು. 78ರಲ್ಲಿ ನಿಂತಿದ್ದರೆ ಎಷ್ಟೇ ಕೆಂಪಾಗಿದ್ದರೂ ಮತ್ತೆ ಒಳಗಿಡಿ. ತಕ್ಕಡಿ ಇಲ್ಲದಿದ್ದರೆ ಒಂದನ್ನು ತಣ್ಣಗಾಗಲು ಬಿಟ್ಟು ನಡುವೆ ಮುರಿಯಿರಿ: ಟಕ್ ಎಂದು ಮುರಿದು ಪುಡಿ ಉದುರಬೇಕು, ಬಾಗಬಾರದು.

ಪೂರ್ತಿ ತಣ್ಣಗಾದ ಮೇಲೆಯೇ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿ. ಮಳೆಗಾಲದಲ್ಲಿ ಮೆತ್ತಗಾದವನ್ನು 110 ಡಿಗ್ರಿಯಲ್ಲಿ ಹತ್ತು ಹದಿನೈದು ನಿಮಿಷ ಇಟ್ಟರೆ ಮತ್ತೆ ಗರಿಗರಿಯಾಗುತ್ತವೆ.