ಜೀರಿಗೆ-ಬೆಲ್ಲದ ಹೊತ್ತಿಗೆ ಒದಗುವ ಕ್ಯಾಮೆರಾ

ಮದುವೆ ಕೆಲಸಕ್ಕೆ ಕ್ಯಾಮೆರಾ ಆರಿಸುವಾಗ ನಾನು ಲೆಕ್ಕ ಶುರು ಮಾಡುವುದೇ ಜೀರಿಗೆ-ಬೆಲ್ಲದ ಶಾಸ್ತ್ರದಿಂದ. ಅಂತರಪಟ ಸರಿದು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ-ಬೆಲ್ಲ ಇಡುವುದು ಕೆಲವೇ ಸೆಕೆಂಡಿನ ಕೆಲಸ. ಇನ್ನೊಂದು ಸಲ ಮಾಡಿ ಎನ್ನುವಂತಿಲ್ಲ. ಅದಕ್ಕೇ ಒಂದು ದುಬಾರಿ ಬಾಡಿಗಿಂತ (ಲೆನ್ಸ್ ಬಿಟ್ಟ ಕ್ಯಾಮೆರಾ) ಸಾಧಾರಣವಾದ ಎರಡು ಬಾಡಿ ಮೇಲು. ಎರಡಕ್ಕೂ ಎರಡೆರಡು ಕಾರ್ಡ್ ಸ್ಲಾಟ್ ಇರಬೇಕು, ಎರಡನೆಯದು ಬ್ಯಾಕಪ್‌ಗೇ ಮೀಸಲು. ಬೆಳಿಗ್ಗೆಯೇ ಎರಡೂ ಬಾಡಿಗಳ ಗಡಿಯಾರ ಒಂದೇ ಸಮಯಕ್ಕೆ ಹೊಂದಿಸಿಕೊಳ್ಳಿ. ಇಲ್ಲದಿದ್ದರೆ ಫೋಟೋ ಜೋಡಿಸುವಾಗ ಧಾರೆಗೆ ಮೊದಲೇ ಸಪ್ತಪದಿ ಬಂದು ಕೂತಿರುತ್ತದೆ.

ಮೆಗಾಪಿಕ್ಸೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬಿಚ್ಚಿಟ್ಟಾಗ 12x36 ಇಂಚಾಗುವ ಆಲ್ಬಂನಲ್ಲಿ ಒಂದು ಪುಟ 12x18. 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ 3600x5400 ಪಿಕ್ಸೆಲ್, ಅಂದರೆ 19.4 ಮೆಗಾಪಿಕ್ಸೆಲ್. 24 ಇದ್ದರೆ ಸಾಕು. ಉಳಿದ ದುಡ್ಡು ಲೆನ್ಸಿಗೆ ಹೋಗಲಿ. ನೆಂಟರು ಮುತ್ತಿಕೊಂಡ ಮಂಟಪದ ಮೇಲೆ ಹಿಂದೆ ಸರಿಯಲು ಜಾಗ ಇರುವುದಿಲ್ಲ, ಹಾಗಾಗಿ ಒಂದರಲ್ಲಿ ಅಗಲ ನೋಟವೂ ಸಿಗುವ 24-70 ಮಿ.ಮೀ. ಎಫ್2.8 ಜೂಮ್, ಇನ್ನೊಂದರಲ್ಲಿ ಮುಖಗಳನ್ನು ಹತ್ತಿರ ತರುವ 85 ಮಿ.ಮೀ. ಎಫ್1.8 (ಎಫ್ ಅಂಕಿ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು).

ನಿಜವಾದ ಕಷ್ಟ ಬೆಳಕಿನದು. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಸಾಧಾರಣ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಶಟರ್ 1/100 ಸೆಕೆಂಡಿಗೆ ಇಟ್ಟರೆ ಪೂರ್ತಿ ಒಂದು ಏರಿಳಿತ ಫ್ರೇಮಿಗೆ ಸಿಕ್ಕುತ್ತದೆ. 1/250 ಇಟ್ಟರೆ ಒಂದು ಫ್ರೇಮ್ ಬೆಳಗಿ ಮುಂದಿನದು ಮಂಕಾಗಬಹುದು. ಅಗ್ಗದ ಎಲ್‌ಇಡಿ ಗೋಡೆಯ ಮುಂದೆ ಎಲೆಕ್ಟ್ರಾನಿಕ್ ಶಟರ್ (ಪರದೆ ಚಲಿಸದೆ ಸೆನ್ಸರೇ ಸಾಲುಸಾಲಾಗಿ ಚಿತ್ರ ಓದುವ ವಿಧಾನ) ಬಳಸಿದರೆ ಮುಖದ ಮೇಲೇ ಅಡ್ಡ ಪಟ್ಟೆ ಬೀಳುತ್ತದೆ, ಅದನ್ನು ಎಡಿಟಿಂಗ್‌ನಲ್ಲಿ ಅಳಿಸುವುದು ಬಹಳ ಕಷ್ಟ. ಮುಹೂರ್ತಕ್ಕೆ ಅರ್ಧ ಗಂಟೆ ಮೊದಲು ಬಿಳಿ ಪಂಚೆಯೊಂದರತ್ತ ಹತ್ತು ಫ್ರೇಮ್ ಹೊಡೆದು ಪರದೆಯಲ್ಲಿ ದೊಡ್ಡದು ಮಾಡಿ ನೋಡುತ್ತೇನೆ. ಪಟ್ಟೆ ಕಂಡರೆ ಮೆಕ್ಯಾನಿಕಲ್ ಶಟರ್, 1/100, ದೀಪದ ಏರಿಳಿತಕ್ಕೆ ಹೊಂದಿಸಿ ಕ್ಲಿಕ್ಕಿಸುವ ಆ್ಯಂಟಿ-ಫ್ಲಿಕರ್ ಆನ್.

ಆದರೆ 1/100ರಲ್ಲಿ ಅಕ್ಷತೆ ಗೆರೆಯಾಗುತ್ತದೆ. ಅಲ್ಲಿ ಫ್ಲ್ಯಾಶ್ ಬೇಕು: ಸುತ್ತಲ ಬೆಳಕನ್ನು ಎರಡು ಸ್ಟಾಪ್ (ಅಂದರೆ ಕಾಲು ಭಾಗಕ್ಕೆ) ತಗ್ಗಿಸಿ ಕಾಳುಗಳನ್ನು ಫ್ಲ್ಯಾಶ್‌ನಿಂದಲೇ ಹಿಡಿಯಬೇಕು. ಮೇಲೆ ಕೆಂಪೋ ಹಳದಿಯೋ ಬಟ್ಟೆ ಕಟ್ಟಿದ್ದರೆ ಫ್ಲ್ಯಾಶನ್ನು ಅತ್ತ ತಿರುಗಿಸಲೇಬೇಡಿ, ಆ ಬಣ್ಣ ಮುಖಕ್ಕೆ ಇಳಿಯುತ್ತದೆ. ಎಂಟಡಿ ಸ್ಟ್ಯಾಂಡ್ ಮೇಲೆ ಬಿಳಿ ಛತ್ರಿ ಕಟ್ಟಿ ಪಕ್ಕದಿಂದ ಕೊಡಿ. ದೀಪಗಳು ಹಳದಿಯಾಗಿದ್ದರೆ ಫ್ಲ್ಯಾಶಿಗೆ ಅರ್ಧ ಸಿಟಿಒ ಜೆಲ್ (ಬೆಳಕನ್ನು ಹಳದಿಗೆ ತಿರುಗಿಸುವ ಕಿತ್ತಳೆ ಹಾಳೆ) ಹಚ್ಚಿ, ಕ್ಯಾಮೆರಾದ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ 3800 ಕೆಲ್ವಿನ್ ಸುಮಾರಿಗೆ ಇಡಿ. ಹೋಮದ ಹೊಗೆಗೆ ಎದುರಿನಿಂದ ಫ್ಲ್ಯಾಶ್ ಹೊಡೆದರೆ ಹೊಗೆಯೇ ಬೆಳ್ಳಗೆ ಮಿಂಚಿ ಹಿಂದಿನ ಮುಖಗಳು ಮಸುಕಾಗುತ್ತವೆ. ಆಗ ಫ್ಲ್ಯಾಶ್ ಆಫ್ ಮಾಡಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರಿಸುವುದೇ ಸರಿ. ಗ್ರೇನ್ (ಮರಳಿನಂಥ ಚುಕ್ಕೆ) ಬಂದರೂ ಪ್ರಿಂಟಿನಲ್ಲಿ ಅಷ್ಟು ಕಾಣದು.

ಸೆಕೆಂಡ್ ಹ್ಯಾಂಡ್ ಬಾಡಿ ಕೊಳ್ಳುವವರು ಶಟರ್ ಕೌಂಟ್ (ಈವರೆಗೆ ಶಟರ್ ಎಷ್ಟು ಸಲ ಬಿದ್ದಿದೆ) ಕೇಳಿ. 1,50,000 ಕ್ಲಿಕ್ಕಿಗೆ ರೇಟ್ ಆದ ಶಟರ್, ಮದುವೆಗೆ 2,500 ಕ್ಲಿಕ್ಕಿನಂತೆ 60 ಮದುವೆಗೆ ಆ ಅಂಕಿ ಮುಟ್ಟುತ್ತದೆ. ಲೆನ್ಸನ್ನು ಅಪರ್ಚರ್ (ಬೆಳಕು ಬರುವ ಕಿಂಡಿ) ಪೂರ್ತಿ ತೆರೆದು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಒಳಗೆ ಜೇಡರ ಬಲೆಯಂಥ ಎಳೆಗಳಿದ್ದರೆ ಅದು ಫಂಗಸ್. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲ ಕಳೆದ ಲೆನ್ಸುಗಳಲ್ಲಿ ಇದನ್ನು ತಪ್ಪದೆ ಹುಡುಕಿ.