ಐಬಿಎಸ್ ಹೊಟ್ಟೆನೋವನ್ನು ನಾನು ನಿಭಾಯಿಸಿದ ಬಗೆ

ನನ್ನ ಹೊಟ್ಟೆನೋವಿನ ಬಗ್ಗೆ ವೈದ್ಯರು ಕೊಟ್ಟ ವಿವರಣೆಯೇ ನನಗೆ ಸಿಕ್ಕ ಮೊದಲ ಚಿಕಿತ್ಸೆ ಎಂದು ನಾನು ಇಂದಿಗೂ ನಂಬುತ್ತೇನೆ. ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್), ಅಂದರೆ ಹೊಟ್ಟೆನೋವಿನೊಡನೆ ಭೇದಿಯೋ ಮಲಬದ್ಧತೆಯೋ ಮತ್ತೆ ಮತ್ತೆ ಕಾಡುವ ಕರುಳಿನ ತೊಂದರೆ, ಇರುವವರಲ್ಲಿ ಕರುಳಿನ ಸ್ನಾಯು ಸೆಳೆತಕ್ಕೆ ಒಳಗಾಗುವುದು ಒಂದು ಕಾರಣವಾದರೆ, ಕರುಳಿನಿಂದ ಮಿದುಳಿಗೆ ಸುದ್ದಿ ಒಯ್ಯುವ ನರಗಳು ಅತಿಸೂಕ್ಷ್ಮವಾಗಿರುವುದು ಇನ್ನೊಂದು. ಹಾಗಾಗಿ ಬೇರೆಯವರ ಗಮನಕ್ಕೂ ಬಾರದಷ್ಟು ವಾಯು ನಮ್ಮಲ್ಲಿ ನೋವಾಗಿ ತೋರುತ್ತದೆ. ಪರೀಕ್ಷೆಗಳ ವರದಿ ಸರಿಯಾಗಿದ್ದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ.

ಚಿಕಿತ್ಸೆಗೆ ಮುನ್ನ ವೈದ್ಯರು ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಮನೆತನದಲ್ಲಿ ಕರುಳಿನ ಕ್ಯಾನ್ಸರ್, ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ವಿಚಾರಿಸಿದರು. ಇವುಗಳಲ್ಲಿ ಒಂದಿದ್ದರೂ ಐಬಿಎಸ್ ಎಂದುಕೊಂಡು ಸುಮ್ಮನಿರದೆ ಹೆಚ್ಚಿನ ತಪಾಸಣೆಗೆ ಹೋಗಲೇಬೇಕು.

ಆಹಾರದ ವಿಷಯದಲ್ಲಿ ನನಗೆ ಹೆಚ್ಚು ನೆರವಾದದ್ದು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಕಡಿಮೆ ಫಾಡ್‌ಮ್ಯಾಪ್ ಪಥ್ಯ. ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಲ್ಪಡದೆ ನೀರನ್ನು ಸೆಳೆದುಕೊಂಡು, ಮುಂದೆ ದೊಡ್ಡ ಕರುಳಿನಲ್ಲಿ ಹುದುಗಿ ವಾಯುವನ್ನು ಹುಟ್ಟಿಸುವ ಫಾಡ್‌ಮ್ಯಾಪ್ ಎಂಬ ಸಕ್ಕರೆಗಳಿರುವ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಸೇಬು ಮುಂತಾದವನ್ನು ಆಹಾರತಜ್ಞರ ನಿಗಾದಲ್ಲಿ ಕೆಲವು ವಾರ ಬಿಟ್ಟೆ. ಆದರೆ ಈ ಪಥ್ಯದ ತಿರುಳಿರುವುದು ಬಿಡುವುದರಲ್ಲಲ್ಲ, ಮರಳಿ ಸೇರಿಸುವುದರಲ್ಲಿ. ಒಂದು ಬಾರಿಗೆ ಈ ಸಕ್ಕರೆಗಳ ಒಂದೇ ಗುಂಪಿಗೆ ಸೇರಿದ ಪದಾರ್ಥವನ್ನು ಆರಿಸಿ, ದಿನದಿಂದ ದಿನಕ್ಕೆ ಅದರ ಪ್ರಮಾಣವನ್ನು ಏರಿಸುತ್ತ, ನೋವು ಯಾವಾಗ, ಎಷ್ಟು ಬಂತೆಂದು ಬರೆದಿಟ್ಟುಕೊಂಡೆ. ಹಾಲು ನನಗೆ ತೊಂದರೆ ಕೊಡಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಕೊಟ್ಟವು. ಈ ಹಂತವನ್ನು ಬಿಟ್ಟವರು ಅಗತ್ಯವಿಲ್ಲದ ಪಥ್ಯವನ್ನು ವರ್ಷಗಟ್ಟಲೆ ಹೊತ್ತು, ಪೋಷಕಾಂಶಗಳ ಕೊರತೆಗೆ ಈಡಾಗುವ ಸಾಧ್ಯತೆಯಿದೆ ಎಂಬುದು ನನ್ನ ನಿಜವಾದ ಕಳವಳ.

ನಾರಿನಂಶವೆಲ್ಲ ಒಂದೇ ಬಗೆಯದಲ್ಲ. ನೀರಿನಲ್ಲಿ ಲೋಳೆಯಾಗುವ ಇಸಬ್‌ಗೋಲನ್ನು ಅಲ್ಪ ಪ್ರಮಾಣದಿಂದ ಆರಂಭಿಸಿದಾಗ ಹಿತವೆನಿಸಿತು. ಗೋಧಿ ತೌಡು ಅನೇಕರಲ್ಲಿ ಉಬ್ಬರವನ್ನೂ ನೋವನ್ನೂ ಹೆಚ್ಚಿಸುತ್ತದೆ.

ಸೆಳೆತ ಬಂದಾಗ ಬಿಸಿನೀರಿನ ಚೀಲವನ್ನು ಹೊಟ್ಟೆಯ ಮೇಲಿಟ್ಟುಕೊಂಡು, ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಬಳಸಿ ನಿಧಾನವಾಗಿ ಉಸಿರಾಡುತ್ತೇನೆ. ಕರುಳಿನಲ್ಲಿ ಮಾತ್ರ ಕರಗುವ ಹೊದಿಕೆಯ ಪೆಪ್ಪರ್‌ಮಿಂಟ್ ಎಣ್ಣೆಯ ಕ್ಯಾಪ್ಸೂಲ್ ಸ್ನಾಯುವನ್ನು ಸಡಿಲಿಸುತ್ತದೆ. ಅದನ್ನು ಅಗಿಯಬಾರದು, ಅಗಿದರೆ ಎದೆಯುರಿ ಬರುತ್ತದೆ.

ಇಷ್ಟಾದರೂ ಉಳಿದ ನೋವಿಗೆ ವೈದ್ಯರು ರಾತ್ರಿ 10 ಮಿಲಿಗ್ರಾಂ ಅಮಿಟ್ರಿಪ್ಟಿಲೀನ್ ಬರೆದುಕೊಟ್ಟರು. ಖಿನ್ನತೆಗೆ ಕೊಡುವ ಔಷಧವೆಂದು ಕೇಳಿ ಹಿಂಜರಿಯುವವರು ಬಹಳ; ಆದರೆ ಇಷ್ಟು ಕಡಿಮೆ ಪ್ರಮಾಣದಲ್ಲಿ ಅದನ್ನು ಕೊಡುವುದು ನೋವಿನ ನರಗಳನ್ನು ಶಮನಗೊಳಿಸುವುದಕ್ಕಾಗಿ. ಬ್ರಿಟನ್ನಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಟ್ಲಾಂಟಿಸ್ ಅಧ್ಯಯನವೂ 10ರಿಂದ 30 ಮಿಲಿಗ್ರಾಂ ಪ್ರಮಾಣದಲ್ಲಿ ಐಬಿಎಸ್ ಲಕ್ಷಣಗಳು ತಗ್ಗುತ್ತವೆಂದು ತೋರಿಸಿದೆ. ಗುಣ ಕಾಣಲು ವಾರಗಳೇ ಬೇಕು. ಬಾಯಿ ಒಣಗುವುದು, ಮಂಪರು, ಮಲಬದ್ಧತೆ ಇದರ ಅಡ್ಡಪರಿಣಾಮಗಳು. ಆದ್ದರಿಂದ ಮೊದಲೇ ಮಲಬದ್ಧತೆಯಿರುವವರು ಅದನ್ನು ವೈದ್ಯರಿಗೆ ತಿಳಿಸಿಯೇ ಈ ಮಾತ್ರೆಯ ಬಗ್ಗೆ ಯೋಚಿಸಬೇಕು.