ಅಮೆರಿಕಾದಲ್ಲಿ ಮಾರ್ಟ್‌ಗೇಜ್ ನೋಟ್ ಕೊಳ್ಳೋಕೆ ಪ್ರೈವೇಟ್ ಇನ್ವೆಸ್ಟರ್ ಹುಡುಕೋದು ಹೇಗೆ

ಅಮೆರಿಕಾದಲ್ಲಿರೋ ನಮ್ಮವರಲ್ಲಿ ಬಾಡಿಗೆ ಮನೆ ತಲೆನೋವು ಬೇಡಪ್ಪಾ ಅಂತ ನೋಟ್ ಕಡೆ ನೋಡೋರು ಇದಾರೆ, ಅಂದ್ರೆ ಮನೆ ಬದಲು ಮನೆ ಮೇಲಿರೋ ಸಾಲದ ಪತ್ರಾನೇ ಕೊಂಡ್ಕೊಳೋದು, ಸಾಲಗಾರ ಕಟ್ಟೋ ಕಂತು ಆಮೇಲೆ ನಮಗೆ ಬರುತ್ತೆ. ಡೀಲ್ ಹೇಗೋ ಸಿಗುತ್ತೆ, ಕಡಿಮೆ ಬೀಳೋದು ದುಡ್ಡು, ಅದಕ್ಕೇ ದುಡ್ಡು ಹಾಕೋ ಇನ್ವೆಸ್ಟರ್ ಬೇಕು.

ಮೊದಲ ಮಾತು, ಕನ್ನಡ ಕೂಟದ ವಾಟ್ಸಾಪ್ ಗ್ರೂಪ್‌ಗೆ "12% ರಿಟರ್ನ್, ಬೇಕಾದವ್ರು ಮೆಸೇಜ್ ಮಾಡಿ" ಅಂತ ಹಾಕ್ಬೇಡಿ. ಬೇರೆಯವರ ದುಡ್ಡು, ನಿಮ್ಮ ಕೆಲಸ, ಇಬ್ಬರಿಗೂ ಲಾಭ ಅಂದ್ರೆ ಅದು ಕಾನೂನಿನ ಪ್ರಕಾರ ಸೆಕ್ಯುರಿಟಿ (ಷೇರು, ಬಾಂಡ್ ಥರದ ಹೂಡಿಕೆ) ಅಂತ ಲೆಕ್ಕಕ್ಕೆ ಬರೋ ಸಾಧ್ಯತೆ ಜಾಸ್ತಿ. ಎಸ್‌ಇಸಿಯ (ಹೂಡಿಕೆ ಮಾರುಕಟ್ಟೆ ನೋಡ್ಕೊಳೋ ಸರ್ಕಾರಿ ಸಂಸ್ಥೆ) 506(ಬಿ) ರೂಲ್ ಪ್ರಕಾರ ಮುಂಚಿಂದ ಚೆನ್ನಾಗಿ ಗೊತ್ತಿರೋರ ಹತ್ರ ಮಾತ್ರ ಕೇಳಬಹುದು, ಜಾಹೀರಾತು ಕೊಡೋ ಹಾಗಿಲ್ಲ. 2013ರಿಂದ 506(ಸಿ) ಇದೆ, ಅದರಲ್ಲಿ ಜಾಹೀರಾತು ಕೊಡಬಹುದು, ಆದ್ರೆ ದುಡ್ಡು ಹಾಕೋರೆಲ್ಲ ಅಕ್ರೆಡಿಟೆಡ್ ಆಗಿರ್ಬೇಕು (ವರ್ಷಕ್ಕೆ 2 ಲಕ್ಷ ಡಾಲರ್ ಆದಾಯ, ಗಂಡ ಹೆಂಡ್ತಿ ಸೇರಿ 3 ಲಕ್ಷ, ಇಲ್ಲಾ ವಾಸದ ಮನೆ ಬಿಟ್ಟು, ಸಾಲ ಕಳೆದು 10 ಲಕ್ಷದ ಆಸ್ತಿ) ಮತ್ತೆ ಅದನ್ನ ನೀವು ಚೆಕ್ ಮಾಡಿರ್ಬೇಕು. ಯಾವ ದಾರಿ ಅಂತ ಸೆಕ್ಯುರಿಟೀಸ್ ಲಾಯರ್ ಹತ್ರ ಕೂತು ಮೊದಲೇ ಇತ್ಯರ್ಥ ಮಾಡ್ಕೊಳಿ. ಇನ್ವೆಸ್ಟರ್‌ನ ಕರ್ಕೊಂಡು ಬಂದ ಫ್ರೆಂಡ್‌ಗೆ ಕಮಿಷನ್ ಕೊಡೋದೂ ಬೇಡ, ಬ್ರೋಕರ್ ಲೈಸೆನ್ಸ್ ಇಲ್ದೇ ಇರೋರಿಗೆ ಅದು ಕುತ್ತಿಗೆಗೆ ಬರುತ್ತೆ.

ಹಾಗಾದ್ರೆ ದುಡ್ಡು ಎಲ್ಲಿದೆ? ಕೆಲಸ ಬದಲಾಯಿಸಿದವರ ಹಳೇ 401(ಕೆ)ಲಿ, ಅಂದ್ರೆ ಕಂಪನಿ ಮೂಲಕ ಕೂಡಿಟ್ಟ ರಿಟೈರ್‌ಮೆಂಟ್ ಅಕೌಂಟಲ್ಲಿ. ಅದನ್ನ ಸೆಲ್ಫ್ ಡೈರೆಕ್ಟೆಡ್ ಐಆರ್‌ಎಗೆ (ಎಲ್ಲಿ ಹಾಕ್ಬೇಕು ಅಂತ ತಾವೇ ಆರಿಸೋ ಸ್ವಂತ ರಿಟೈರ್‌ಮೆಂಟ್ ಅಕೌಂಟ್) ರೋಲ್‌ಓವರ್ ಮಾಡಿದ್ರೆ, ಅಂದ್ರೆ ವರ್ಗಾಯಿಸಿದ್ರೆ, ನೋಟ್‌ಗೆ ಹಾಕಬಹುದು ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿರಲ್ಲ. ಚೆಕ್ ಬರೋದೂ ಕಸ್ಟೋಡಿಯನ್‌ನಿಂದ (ಆ ಅಕೌಂಟ್ ನೋಡ್ಕೊಳೋ ಕಂಪನಿ), ಕಂತು ವಾಪಸ್ ಹೋಗೋದೂ ಕಸ್ಟೋಡಿಯನ್‌ಗೇ, ನಿಧಾನದ ಕೆಲಸ, ಅದಕ್ಕೆ ಡೀಲ್ ಕೈಗೆ ಬರೋಕೆ ಮುಂಚೆನೇ ಅಕೌಂಟ್ ತೆಗೆಸಿಟ್ಟಿರ್ಬೇಕು. ಇಲ್ಲೊಂದು ಮಜಾ ಇದೆ, ಅಪ್ಪ ಅಮ್ಮ, ಹೆಂಡ್ತಿ, ಮಕ್ಕಳ ಐಆರ್‌ಎ ನಿಮ್ಮ ಡೀಲ್‌ಗೆ ಬರೋ ಹಾಗಿಲ್ಲ, ಹೆಣ್ಣು ಕೊಟ್ಟ ಮಾವನ ಐಆರ್‌ಎ ಅಳಿಯನ ಡೀಲ್‌ಗೂ ಇಲ್ಲ, ಆದ್ರೆ ಅಣ್ಣ ತಮ್ಮ ಅಕ್ಕ ತಂಗಿ ಆ ನಿಷೇಧದ ಪಟ್ಟಿಲಿ ಇಲ್ಲ!

ಇನ್ನೊಂದು ದಾರಿ ಕೌಂಟಿ ರೆಕಾರ್ಡರ್ ಆಫೀಸಿನ (ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿ ಥರ) ದಾಖಲೆ, ಸುಮಾರು ಕಡೆ ಆನ್‌ಲೈನಲ್ಲೇ ಸಿಗುತ್ತೆ. ಮಾರ್ಟ್‌ಗೇಜ್ ಪತ್ರದಲ್ಲಿ ಸಾಲ ಕೊಟ್ಟೋರ ಜಾಗದಲ್ಲಿ ಬ್ಯಾಂಕ್ ಬದಲು ಕಸ್ಟೋಡಿಯನ್ ಹೆಸರು, ಎಫ್‌ಬಿಒ (ಇಂಥವರ ಪರವಾಗಿ ಅಂತ), ಆಮೇಲೆ ಒಬ್ಬರ ಹೆಸರು, ಐಆರ್‌ಎ ಅಂತಿದ್ರೆ ಅವರು ಈಗಾಗ್ಲೇ ಈ ಥರ ದುಡ್ಡು ಹಾಕಿರೋರು. ಪರಿಚಯ ಮಾಡ್ಕೊಳಿ, ಕಾಫಿ ಕುಡೀರಿ, ಮೊದಲ ಸಲಾನೇ ಡೀಲ್ ಇಡ್ಬೇಡಿ.

ಡೀಲ್ ಇಡುವಾಗ ಲೆಕ್ಕ ಹೀಗಿರ್ಲಿ. ಬಾಕಿ 60,000 ಡಾಲರ್, ಬಡ್ಡಿ 9%, ಇನ್ನೂ 120 ಕಂತು, ತಿಂಗಳಿಗೆ ಸುಮಾರು 760 ಡಾಲರ್. 53,000ಕ್ಕೆ ಸಿಕ್ರೆ ವರ್ಷಕ್ಕೆ 12% ಹತ್ರ ಬೀಳುತ್ತೆ. ಮೊದಲ 60 ಕಂತನ್ನ ಇನ್ವೆಸ್ಟರ್‌ಗೆ 37,500ಕ್ಕೆ ಮಾರಿ, ಅವರಿಗೆ 8% ಆಯ್ತು, ನಿಮ್ಮ ಕೈಯಿಂದ ಹೋಗಿದ್ದು 15,500, ಕೊನೇ 60 ಕಂತು ನಿಮ್ಮದು. ಇದಕ್ಕೆ ಪಾರ್ಷಿಯಲ್ ಅಂತಾರೆ, ನನ್ನ ಪ್ರಕಾರ ಹೊಸಬರಿಗೆ ಇದೇ ವಾಸಿ. ನಡುವೆ ಸಾಲಗಾರ ಮನೆ ಮಾರಿ ಪೂರ್ತಿ ತೀರಿಸಿಬಿಟ್ರೆ ಯಾರಿಗೆಷ್ಟು ಅನ್ನೋದು ಅಗ್ರಿಮೆಂಟಲ್ಲಿ ಇರ್ಲೇಬೇಕು.

ಜೊತೆಗೆ ಫೈಲ್ ರೆಡಿ ಇರ್ಲಿ, ಒರಿಜಿನಲ್ ನೋಟ್, ಅಲಾಂಜ್ (ನೋಟ್ ಹೊಸಬರಿಗೆ ಬರೆದುಕೊಟ್ಟಿದ್ದಕ್ಕೆ ಅಂಟಿಸೋ ಹಾಳೆ), ರೆಕಾರ್ಡ್ ಆಗಿರೋ ಅಸೈನ್‌ಮೆಂಟ್ (ಮಾರ್ಟ್‌ಗೇಜ್ ವರ್ಗಾವಣೆ ಪತ್ರ), ಟೈಟಲ್ ರಿಪೋರ್ಟ್ (ಮನೆ ಯಾರದ್ದು, ಅದರ ಮೇಲೆ ಯಾವ ಸಾಲ ಇದೆ ಅನ್ನೋ ವರದಿ), ಪ್ರಾಪರ್ಟಿ ಟ್ಯಾಕ್ಸ್ ಬಾಕಿ ಇದೆಯೋ ಇಲ್ವೋ, ಸಾಲಗಾರ ಕಟ್ಟಿರೋ ಕಂತಿನ ಹಿಸ್ಟರಿ. ಕಂತು ವಸೂಲಿ ಕೆಲಸ ಲೈಸೆನ್ಸ್ ಇರೋ ಸರ್ವೀಸರ್ (ಕಂತು ತಗೊಂಡು ಲೆಕ್ಕ ಇಡೋ ಕಂಪನಿ) ಕೈಲಿರ್ಲಿ, ನಿಮ್ಮ ಸ್ವಂತ ಅಕೌಂಟಿಗೆ ಹಾಕಿಸ್ಕೊಂಡು ಹಂಚೋದು ಬೇಡ. ಎಚ್1ಬಿಲಿ ಇರೋರು ಇದನ್ನ ಬಿಸಿನೆಸ್ ಥರ ನಡೆಸೋ ಮುಂಚೆ ಇಮಿಗ್ರೇಷನ್ ಲಾಯರ್‌ನ ಕೇಳಿ.

"ಸಾಲಗಾರ ಕಟ್ಟೋದು ನಿಲ್ಲಿಸಿಬಿಟ್ರೆ?" ಅಂತ ಇನ್ವೆಸ್ಟರ್ ಕೇಳೇ ಕೇಳ್ತಾರೆ. ಉತ್ತರ ಮನೆ ಯಾವ ಸ್ಟೇಟಲ್ಲಿದೆ ಅನ್ನೋದರ ಮೇಲಿದೆ, ಟೆಕ್ಸಾಸಲ್ಲಿ ಸಾಮಾನ್ಯವಾಗಿ ಕೋರ್ಟ್ ಮೆಟ್ಟಿಲು ಹತ್ತದೇ ಫೋರ್‌ಕ್ಲೋಷರ್ (ಸಾಲ ಕಟ್ಟದವರ ಮನೆ ಹರಾಜು ಹಾಕೋದು) ಬೇಗ ಮುಗಿಯುತ್ತೆ, ನ್ಯೂಯಾರ್ಕ್, ನ್ಯೂಜೆರ್ಸಿ ಆದ್ರೆ ಕೋರ್ಟ್ ಮೂಲಕನೇ, ವರ್ಷಗಟ್ಟಲೆ ಎಳೀಬಹುದು, ಆ ಲಾಯರ್ ಖರ್ಚು ಯಾರ ತಲೆ ಮೇಲೆ ಅನ್ನೋದನ್ನೂ ಸೈನ್ ಹಾಕೋ ಮುಂಚೆ ಬರೆದಿಟ್ಟಿರಿ.